ಪರವಾಗಿಲ್ಲ ಎಂಬ ಮೂರನೇ ಚೌಕ

ಎಂಟು ಮನೆಗಳಿಗೆ ನಾನು ಹೋಗಲೇ ಇಲ್ಲ. ಆ ಎಂಟೂ ಮನೆಯವರ ಬದಲಿಗೆ ವಿಜಯನಗರದ ಒಂದು ಬೇಕರಿಯ ಮುಂದೆ ನಿಂತು, ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು, ನಾನೇ ಪ್ರಶ್ನೆ ಕೇಳಿ ನಾನೇ ಉತ್ತರ ಕೊಟ್ಟೆ. ಪ್ರಶ್ನೆ ನನ್ನ ದನಿಯಲ್ಲಿ, ಉತ್ತರ ಅವರವರ ದನಿಯಲ್ಲಿ. ಅದರಲ್ಲೂ ಒಂದು ನಿಯತ್ತು ಇಟ್ಟುಕೊಂಡಿದ್ದೆ: ಒಬ್ಬರ ದನಿಯನ್ನು ಇನ್ನೊಬ್ಬರ ಫಾರಂಗೆ ಬೆರೆಸಲಿಲ್ಲ. ಬೇಕರಿಯ ಅಣ್ಣ ಎರಡು ಸಲ ಇಣುಕಿ ನೋಡಿದ. ಮೂರನೇ ಸಲ ತಡೆಯಲಾರದೆ ಕೇಳಿದ.

"ಗುರು, ಫೋನ್ ಎಲ್ಲಿಟ್ಕೊಂಡಿದೀಯ? ಕಿವೀಲೂ ಏನೂ ಕಾಣ್ತಿಲ್ವಲ್ಲ?"

"ಫೋನಲ್ಲ ಅಣ್ಣ, ಸರ್ವೆ."

"ಯಾರ್ದು?"

"ಸದ್ಯಕ್ಕೆ ನಂದೇ."

ಇದು ನನ್ನ ಒಂದು ದಡ್ಡತನ. ಇನ್ನೊಂದು ಇದಕ್ಕಿಂತ ಹಿಂದಿನದು, ಇದಕ್ಕಿಂತ ದೊಡ್ಡದು. ಅದನ್ನು ಮಾಡಿದಾಗ ನನಗೆ ಹೊಗಳಿಕೆ ಸಿಕ್ಕಿತ್ತು.

ನಾನು ಕೆಲಸ ಮಾಡುವುದು ಬಸವೇಶ್ವರನಗರದ ಒಂದು ಹಗಲು ಕೇಂದ್ರದಲ್ಲಿ. ಬಾಡಿಗೆ ಮನೆಯೊಂದರ ಕೆಳಗಿನ ಭಾಗ. ಪಕ್ಕದಲ್ಲಿ ಹಲ್ಲಿನ ಡಾಕ್ಟರು, ಎದುರಿಗೆ ಇಸ್ತ್ರಿ ಗಾಡಿ. ಹುಟ್ಟಿದಾಗಿನಿಂದಲೇ ಕೈಕಾಲು ಹೇಳಿದ ಮಾತು ಕೇಳದ ಮಕ್ಕಳು, ಕಾಯಿಲೆಯಿಂದ ಒಂದು ಪಕ್ಕ ಸೋತ ದೊಡ್ಡವರು, ಎಲ್ಲ ಸೇರಿ ಇಪ್ಪತ್ತು ಮಂದಿ ಬೆಳಿಗ್ಗೆ ಬರುತ್ತಾರೆ. ಫಿಸಿಯೋಥೆರಪಿ, ಊಟ, ಸ್ವಲ್ಪ ಕೈಕೆಲಸ, ಬೇಕಾದಷ್ಟು ಗಲಾಟೆ. ಸಂಜೆ ನಾಲ್ಕಕ್ಕೆ ಮನೆಗೆ. ಕರೆತರುವುದಕ್ಕೂ ಬಿಟ್ಟು ಬರುವುದಕ್ಕೂ ಇರುವುದು ಒಂದು ವ್ಯಾನು. ವ್ಯಾನು ಕೇಂದ್ರದ್ದಲ್ಲ, ಒಂದು ಟ್ರಸ್ಟಿನವರು ಕೊಟ್ಟಿದ್ದು. ಅದರಿಂದ ಪ್ರಯೋಜನ ಆಗುತ್ತಿದೆಯೇ ಎಂದು ಅವರು ವರ್ಷಕ್ಕೊಮ್ಮೆ ಕೇಳುವುದು ವಾಡಿಕೆ. ಆಗುತ್ತಿದೆ ಎಂದು ನಾವು ನಾಲ್ಕು ಫೋಟೋ ಕಳಿಸುವುದೂ ವಾಡಿಕೆ.

ಈ ಸಲ ಹಾಗಾಗಲಿಲ್ಲ. ಕೆಂಗೇರಿಯ ಆಚೆ ಇಂಥದ್ದೇ ಇನ್ನೊಂದು ಕೇಂದ್ರ ಶುರುವಾಗಿ, ಅವರೂ ವ್ಯಾನು ಕೇಳಿದ್ದರು. ಟ್ರಸ್ಟಿನ ಹತ್ತಿರ ಇರುವುದು ಒಂದೇ. ಯಾರಿಗೆ ಹೆಚ್ಚು ಅಗತ್ಯವೋ ಅವರಿಗೆ ಕೊಡೋಣ ಎಂದು ತೀರ್ಮಾನಿಸಿ, ಎರಡೂ ಕಡೆ ಮನೆಮನೆಗೆ ಹೋಗಿ ಕೇಳಿಕೊಂಡು ಬರಲು ಒಂದು ಫಾರಂ ಕಳಿಸಿದರು. ನ್ಯಾಯವಾದ ಮಾತೇ. ಈ ಪ್ರಸಂಗದಲ್ಲಿ ಬೈಯಲು ಯಾರೂ ಸಿಗದಿದ್ದದ್ದೇ ನನಗಾದ ಅನನುಕೂಲ. ಕೊನೆಗೆ ನನ್ನನ್ನೇ ಬೈದುಕೊಳ್ಳಬೇಕಾಯಿತು.

ಫಾರಂ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ಕೇಂದ್ರದ ಮೇಡಂ, ಅಂದರೆ ನಮ್ಮೆಲ್ಲರ ಮೇಲಿನವರು, "ಜನ ಹೆಂಗ್ ಮಾತಾಡ್ತಾರೆ ಅಂತ ನಿಂಗೇ ಚೆನ್ನಾಗ್ ಗೊತ್ತು ಕಣೋ" ಅಂದರು. ಅದು ನಿಜ. ನನಗೆ ಗೊತ್ತಿರುವುದು ಜನ ಹೇಗೆ ಮಾತಾಡುತ್ತಾರೆ ಎಂಬುದೊಂದೇ. ಏನು ಮಾತಾಡುತ್ತಾರೆ ಎಂಬುದರ ಕಡೆ ಗಮನ ಕಮ್ಮಿ.

ಒಂಬತ್ತನೇ ಪ್ರಶ್ನೆ ಮುಖ್ಯವಾದದ್ದು: ವ್ಯಾನಿನ ಅಗತ್ಯ ನಿಮಗೆ ಎಷ್ಟಿದೆ? ಉತ್ತರಕ್ಕೆ ಐದು ಚೌಕ. ತುಂಬಾ ಅಗತ್ಯ, ಅಗತ್ಯ, ಆಮೇಲೊಂದು ನಡುವಿನದು, ಅಷ್ಟೇನೂ ಅಗತ್ಯವಿಲ್ಲ, ಬೇಡ. ಆ ನಡುವಿನ ಚೌಕದ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿ 'ತಟಸ್ಥ' ಎಂದಿತ್ತು. ಗೋವಿಂದರಾಜನಗರದ ಯಾವುದಾದರೂ ಮನೆಯ ಬಾಗಿಲಲ್ಲಿ ನಿಂತು 'ನೀವು ತಟಸ್ಥರೇ' ಎಂದು ಕೇಳಿದರೆ, ನಾವು ಯಾವ ಪಾರ್ಟಿಗೂ ಸೇರಿಲ್ಲಪ್ಪ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅದನ್ನು ಹೊಡೆದು ಹಾಕಿ 'ಪರವಾಗಿಲ್ಲ' ಎಂದು ಬರೆದೆ. ಮೇಡಂ ಓದಿ, "ಸೂಪರ್! ಇದು ನೋಡು ಜನರ ಭಾಷೆ" ಅಂದರು. ಆ ದಿನವೆಲ್ಲ ಒಂದು ಗೇಣು ಎತ್ತರವಾಗಿ ನಡೆದಾಡಿದೆ. ಮೂರು, ನಾಲ್ಕು, ಐದನೇ ಚೌಕಗಳನ್ನು ಒಟ್ಟಿಗೆ 'ತುರ್ತು ಅಗತ್ಯವಿಲ್ಲ' ಎಂದು ಪರಿಗಣಿಸಲಾಗುವುದು ಎಂದು ಫಾರಂನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಹಿಂಬದಿಯನ್ನು ನಾನು ಓದಿರಲಿಲ್ಲ.

ಇಲ್ಲಿ ನಗಬೇಕಾದ ಸಂಗತಿ ಬೇರೆಯೇ ಇದೆ. ಆ ವರ್ಷದ ವಾರ್ಷಿಕೋತ್ಸವದಲ್ಲಿ ನಾನು ಮಾಡಿದ ಮಿಮಿಕ್ರಿಯ ಹೆಸರೇ 'ಆರು ಪರವಾಗಿಲ್ಲ'. ಬಸ್ಸಿನಲ್ಲಿ ಕಾಲು ತುಳಿಸಿಕೊಂಡವನು ಹಲ್ಲು ಕಚ್ಚಿಕೊಂಡು ಹೇಳುವ ಪರವಾಗಿಲ್ಲ. ಮದುವೆ ಊಟ ಹೇಗಿತ್ತು ಅಂದರೆ, ಮೂರು ಸಲ ಹೋಳಿಗೆ ಹಾಕಿಸಿಕೊಂಡ ದೊಡ್ಡಪ್ಪ ಮೀಸೆ ಒರೆಸುತ್ತ ಹೇಳುವ ಪರವಾಗಿಲ್ಲ. ಸ್ಕ್ಯಾನಿಂಗ್ ಹಾಳೆಯನ್ನು ಬೆಳಕಿಗೆ ಹಿಡಿದ ಡಾಕ್ಟರು ರಾಗ ಎಳೆದು ಹೇಳುವ ಪರವಾಆಆಗಿಲ್ಲ. ಅದನ್ನು ಕೇಳಿದ ಮೇಲೆ ಮನೆಯವರ ಕೈ ತಣ್ಣಗಾಗುತ್ತದೆ. ನಾನು ಪಾಸಾದ ಸುದ್ದಿ ಕೇಳಿ ಪಕ್ಕದ ಮನೆಯವರು ಬಾಯಿ ತೆರೆದು ಹೇಳಿದ "ಓಹೋ, ಪರವಾಗಿಲ್ವೇ!" ನೆಂಟರ ಮನೆಯ ಕಾರ್ಯಕ್ರಮಕ್ಕೆ ನಾನು ಬರೋದಿಲ್ಲ ಅಂದಾಗ ನನ್ನ ಅಮ್ಮ ಹೇಳುವ "ಪರವಾಗಿಲ್ಲ ಬಿಡು", ಅದಾದ ಮೇಲೆ ನಾಲ್ಕು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡುತ್ತವೆ. ಕೊನೆಯದು ಮೇಡಂ ಅವರದು: "ಪರವಾಗಿಲ್ಲ, ನಾನೇ ಮಾಡ್ಕೋತೀನಿ." ಮೇಡಂ ಮುಂದಿನ ಸಾಲಿನಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದರು.

ಆರು ದನಿ ಮಾಡಿ ಚಪ್ಪಾಳೆ ತೆಗೆದುಕೊಂಡವನು ಆ ಆರಕ್ಕೂ ಸೇರಿಸಿ ಒಂದೇ ಚೌಕ ಕೊಟ್ಟಿದ್ದೆ.

ಹನ್ನೆರಡು ಮನೆಗಳಿಗೆ ನಿಯತ್ತಾಗಿ ಹೋದೆ. ಬೈಕು ನಿಲ್ಲಿಸಿ, ಚಪ್ಪಲಿ ಬಿಟ್ಟು, ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ, ಅದುವರೆಗೆ ನನ್ನ ಹೊಟ್ಟೆಗೆ ತಿವಿದು ತಮಾಷೆ ಮಾಡುತ್ತಿದ್ದವರು ಕೂಡ ಸೆರಗು, ಪಂಚೆ ಸರಿ ಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು. ಒಂಬತ್ತನೇ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ. ದೀಪಾಂಜಲಿ ನಗರದಲ್ಲಿ ಮೆಟ್ರೋ ಸ್ಟೇಷನ್ನಿನ ಹಿಂದೆ ಇರುವ ತಾತ, ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಪರ್ವಾಗಿಲ್ಲಪ್ಪ, ನಿಮಗ್ಯಾಕೆ ತೊಂದ್ರೆ" ಅಂದರು. ಮೂರನೇ ಚೌಕಕ್ಕೆ ಟಿಕ್ ಹಾಕಿದೆ. ಕೊಡುತ್ತಿರುವವರ ಎದುರಿಗೆ 'ತುಂಬಾ ಬೇಕು' ಅನ್ನುವುದು, ಪಂಕ್ತಿಯಲ್ಲಿ ಕೂತು ಎಲೆಯನ್ನು ಮುಂದಕ್ಕೆ ತಳ್ಳಿದಂತೆ. ಅದು ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಬೇರೆ: ಹೇಗೂ ಎಲ್ಲರೂ ಇದನ್ನೇ ಹೇಳುತ್ತಾರೆ, ಉಳಿದ ಎಂಟು ಮನೆಗೆ ಬಿಸಿಲಲ್ಲಿ ಯಾಕೆ ಅಲೆಯಬೇಕು?

ಹಾಗೆ ಬೇಕರಿಯ ಮುಂದೆ ನಿಂತದ್ದು.

ಆ ಎಂಟರಲ್ಲಿ ಅಕ್ಕನ ಮನೆಯೂ ಒಂದು. ನನ್ನ ಸ್ವಂತ ಅಕ್ಕನಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ವ್ಯಾನಿನ ಬಾಗಿಲಲ್ಲಿ "ನಿಧಾನ ಆಂಟಿ" ಅಂದಿದ್ದಕ್ಕೆ, ಮಗಳನ್ನು ಸೀಟಿಗೆ ಕೂರಿಸುತ್ತ ತಿರುಗಿ ನೋಡಿ, "ಆಂಟಿ ಯಾರೋ ನಿಂಗೆ? ನಿನ್ಗಿಂತ ನಾಕೈದ್ ವರ್ಷಕ್ಕೆ ದೊಡ್ಡೋಳಿರ್ಬೋದು, ಅಷ್ಟೆ" ಅಂದಿದ್ದರು. ನನಗೆ ಇಪ್ಪತ್ತೈದು. ಅವರ ಮಗಳಿಗೆ ಹದಿನೇಳು. ಮನಸ್ಸಿನಲ್ಲೇ ಕೂಡಿ ಕಳೆದು ನೋಡಿ, ಬಾಯಿ ಮುಚ್ಚಿಕೊಂಡು, ಅವತ್ತಿನಿಂದ ಅಕ್ಕ ಅನ್ನುತ್ತಿದ್ದೇನೆ.

ಆ ಮಗಳಿಗೆ ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲ. ಮಾತು ನಾಲ್ಕೈದೇ. ಆದರೆ ವ್ಯಾನು ಹಿಂದಕ್ಕೆ ಬರುವಾಗ ಕೂಗುವ 'ಟುಂಯ್ ಟುಂಯ್' ಇದೆಯಲ್ಲ, ಅದನ್ನು ಅವಳು ತೆಗೆದರೆ ಡ್ರೈವರ್ ಬ್ರೇಕ್ ಹಾಕುತ್ತಾನೆ. ನಾನೂ ತಿಂಗಳುಗಟ್ಟಲೆ ಪ್ರಯತ್ನಪಟ್ಟಿದ್ದೇನೆ, ಆ ಕೊನೆಯ ಮೂಗಿನ ಎಳೆತ ಬರುವುದಿಲ್ಲ. ನನ್ನ 'ಆರು ಪರವಾಗಿಲ್ಲ' ನೋಡಿ ಅವಳು ನಕ್ಕ ರಭಸಕ್ಕೆ ಕುರ್ಚಿಯಿಂದ ಜಾರಿ, ಇಬ್ಬರು ಸೇರಿ ಮತ್ತೆ ನೆಟ್ಟಗೆ ಕೂರಿಸಬೇಕಾಗಿತ್ತು.

ವ್ಯಾನು ಬರುವ ಮುಂಚೆ ಅವಳು ಎರಡು ವರ್ಷ ಮನೆಯಲ್ಲೇ ಇದ್ದಳು. ಗಾಲಿಕುರ್ಚಿ ಕಂಡ ಕೂಡಲೇ ಆಟೋದವರು ಆ ಕಡೆ ಮುಖ ತಿರುಗಿಸಿ ಹೋಗುತ್ತಿದ್ದರಂತೆ. ಆ ಎರಡು ವರ್ಷದಲ್ಲಿ ಅವಳ ಮಂಡಿಗಳು ಮಡಿಸಿದಂತೆಯೇ ಬಿಗಿದುಕೊಂಡುಬಿಟ್ಟಿದ್ದವು. ಕೇಂದ್ರಕ್ಕೆ ಬರಲು ಶುರು ಮಾಡಿದ ಮೇಲೆ ದಿನಾ ಎಳೆದು, ಉಜ್ಜಿ, ಅಳಿಸಿ, ಒಂದು ವರ್ಷಕ್ಕೆ ಅರ್ಧದಷ್ಟು ನೆಟ್ಟಗಾಗಿದ್ದವು. ಬಿಟ್ಟರೆ ಮತ್ತೆ ಮಡಿಸಿಕೊಳ್ಳುತ್ತವೆ ಎಂದು ಫಿಸಿಯೋಥೆರಪಿ ಮಾಡುವವರು ಅಕ್ಕನಿಗೆ ಹೇಳುವಾಗ ನಾನೂ ಅಲ್ಲೇ ನಿಂತಿದ್ದೆ. ಇದೆಲ್ಲ ಗೊತ್ತಿದ್ದೂ, ಬೇಕರಿಯ ಮುಂದೆ, ಖಾರದ ಬನ್ನು ಬಾಯಲ್ಲಿಟ್ಟುಕೊಂಡು ಅಕ್ಕನ ದನಿಯಲ್ಲಿ "ಪರ್ವಾಗಿಲ್ಲ ಸಾರ್" ಅಂದೆ. ಟಿಕ್. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮುಂದಿನ ಸೋಮವಾರ ಮೇಡಂ ಕರೆದರು. ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಇಪ್ಪತ್ತು ಸಾಲು. ಒಂಬತ್ತನೇ ಪ್ರಶ್ನೆಯ ಕೆಳಗೆ ಮೇಲಿಂದ ಕೊನೆಯವರೆಗೆ ಮೂರು, ಮೂರು, ಮೂರು.

"ವ್ಯಾನ್ ಹೋಗುತ್ತೆ ಕಣೋ," ಅಂದರು. ದನಿ ಸಣ್ಣಗಿತ್ತು. "ಟ್ರಸ್ಟ್‌ನೋರು ಮೇಲ್ ಮಾಡಿದಾರೆ. ನಮ್ ಕಡೆ ಯಾರ್ಗೂ ತುರ್ತು ಅಗತ್ಯ ಇಲ್ವಂತೆ. ಮುಂದಿನ್ ತಿಂಗ್ಳಿಂದ ಕೆಂಗೇರಿಯೋರಿಗೆ."

"ಅವ್ರ ಫಾರಂನಲ್ಲಿ ಏನ್ ಬಂದಿದೆ ಮೇಡಂ?"

"ಎಲ್ರೂ ತುಂಬಾ ಅಗತ್ಯ. ಅವ್ರು ಮೂರನೇ ಚೌಕಕ್ಕೆ ತಟಸ್ಥ ಅಂತ್ಲೇ ಹಾಕಿದ್ರಂತೆ. ಏನಂತ ಅರ್ಥ ಆಗ್ದೆ ಯಾರೂ ಅದ್ರ ಹತ್ರಾನೇ ಹೋಗಿಲ್ಲ."

ಒಳಗಿನ ಕೋಣೆಯಲ್ಲಿ ಯಾರೋ ಊಟದ ತಟ್ಟೆ ಬಡಿಯುತ್ತಿದ್ದರು, ಅಕ್ಕನ ಮಗಳು ಟುಂಯ್ ಟುಂಯ್ ಅನ್ನುತ್ತಿದ್ದಳು. ಗುರುವಾರ ಟ್ರಸ್ಟಿನ ಅಧಿಕಾರಿಯೊಬ್ಬರು ಬಂದು ಒಂದೆರಡು ಮನೆಗಳಲ್ಲಿ ಖುದ್ದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ, ಅದಾದರೆ ಮುಗಿಯಿತು ಅಂದರು ಮೇಡಂ.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಪದದ ತಪ್ಪನ್ನು ಎತ್ತಿದರೆ ಫಾರಂಗಳನ್ನು ತೆಗೆಯುತ್ತಾರೆ; ತೆಗೆದರೆ ಎಂಟು ಮನೆಗಳು ಹೊರಗೆ ಬರುತ್ತವೆ; ಬಂದರೆ ನನ್ನ ಕೆಲಸ ಹೋಗುತ್ತದೆ. ಎತ್ತದಿದ್ದರೆ ವ್ಯಾನು ಹೋಗುತ್ತದೆ. ಮಾಗಡಿ ರೋಡಿನ ಸಿಗ್ನಲ್ಲಿನಲ್ಲಿ ಹಸಿರು ಬಿದ್ದದ್ದು ಕಾಣದೆ ನಿಂತು, ಹಿಂದಿನ ಆಟೋದವನಿಂದ "ಏನ್ ಮಚ್ಚಾ, ಸಿಗ್ನಲ್‌ಗೆ ಪೂಜೆ ಮಾಡ್ತಿದೀಯಾ?" ಅನ್ನಿಸಿಕೊಂಡೆ. ಫೋನು ಗುಂಯ್ ಅಂದರೆ ಎದೆ ಧಸಕ್ ಅನ್ನುತ್ತಿತ್ತು. ತೆಗೆದು ನೋಡಿದರೆ ಯಾರದೋ ಶುಭೋದಯದ ಹೂವು. ಬೆಳಿಗ್ಗೆ ಹಲ್ಲುಜ್ಜುತ್ತ ಕನ್ನಡಿಯ ಮುಂದೆ ಮೇಡಂ ದನಿಯಲ್ಲಿ ನನ್ನನ್ನು ನಾಲ್ಕು ಸಲ ಕೆಲಸದಿಂದ ತೆಗೆದೆ. ನಾಲ್ಕೂ ಸಲ ಚೆನ್ನಾಗಿ ಬಂತು. ಹೊರಗಿನಿಂದ ಅಮ್ಮ, "ಯಾರೋ ಬಾತ್ರೂಮಲ್ಲಿ? ನಿಮ್ ಮೇಡಮ್ಮಾ?" ಅಂದಳು.

ಮಂಗಳವಾರ ಅಕ್ಕ ಸಂಜೆ ಮಗಳನ್ನು ಇಳಿಸಿಕೊಳ್ಳುವಾಗ ನಾನು ವ್ಯಾನಿನಲ್ಲಿದ್ದೆ. ಅವರ ಬೀದಿಗೆ ವ್ಯಾನು ನುಗ್ಗುವುದಿಲ್ಲ, ತಿರುವಿನಲ್ಲೇ ನಿಲ್ಲುತ್ತದೆ. ಅಕ್ಕ ಮಗಳ ಕಾಲನ್ನು ಒಂದು ಸಲ ಮೆಲ್ಲಗೆ ನೀವಿ, "ನೋಡೋ, ಇವತ್ ಇಷ್ಟ್ ಚಾಚ್ತಾಳೆ" ಎಂದು ಬೆರಳಲ್ಲಿ ಅಳತೆ ತೋರಿಸಿದರು. ನಾನು ಏನಾದರೂ ತಮಾಷೆ ಮಾಡಲಿ ಅಂತ ಇಬ್ಬರೂ ಕಾದರು. ನಾನು ವ್ಯಾನಿನ ಸೀಟಿನ ಬೆಲ್ಟು ಮಡಚಿಡತೊಡಗಿದೆ.

"ಏನೋ, ಹುಷಾರಿಲ್ವಾ?"

"ಪರವಾಗಿಲ್ಲ ಅಕ್ಕ," ಅಂದೆ. ಅಂದ ಮೇಲೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ.

ವ್ಯಾನಿನಿಂದ ಇಳಿದವನು ನೇರ ಮೇಡಂ ಕೋಣೆಗೆ ಹೋದೆ. ಪದದ ವಿಷಯ ಮೊದಲು ಹೇಳಿದೆ. ಅದು ಸ್ವಲ್ಪ ಮರ್ಯಾದಸ್ಥ ತಪ್ಪು. ಅವರು ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಅಯ್ಯೋ, ಹೌದಲ್ವೇನೋ!" ಅಂದರು. ಆಮೇಲೆ ಎಂಟು ಮನೆಯದನ್ನು ಹೇಳಿದೆ. ಕುರ್ಚಿಯಲ್ಲಿ ಹಿಂದಕ್ಕೆ ಹೋದರು.

"ಎಂಟು ಮನೇಲಿ ಉತ್ರ ಕೊಟ್ಟಿದ್ ಯಾರು?"

"ನಾನೇ ಮೇಡಂ."

"ಯಾರ್ ದನೀಲಿ?"

ತಮಾಷೆಗೆ ಕೇಳುತ್ತಿದ್ದಾರೇನೋ ಎಂದು ಮುಖ ನೋಡಿದೆ. ಅಲ್ಲ.

"ಅವ್ರವ್ರ ದನೀಲಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಆರನೇ ಪರವಾಗಿಲ್ಲ ಬರುತ್ತದೆ ಅಂದುಕೊಂಡೆ. ಅದೂ ಬರಲಿಲ್ಲ; ಬಂದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ನನ್ನ ಎದುರಿಗೇ ಟ್ರಸ್ಟಿಗೆ ಬರೆದರು: ಎಂಟು ಫಾರಂ ಸುಳ್ಳು, ಬರೆದವನು ಇಂಥವನು, ಅವನೇ ಬಂದು ಒಪ್ಪಿಕೊಂಡಿದ್ದಾನೆ, ಪದವೊಂದು ಗೊಂದಲ ಮಾಡಿರುವಂತಿದೆ, ಮತ್ತೆ ಕೇಳಲು ಅವಕಾಶ ಕೊಡಿ. ಅರ್ಧ ಗಂಟೆಯಲ್ಲಿ, ಗುರುವಾರ ಬರಲಿದ್ದ ಅಧಿಕಾರಿಯಿಂದಲೇ ಉತ್ತರ ಬಂತು: ಪದದ ಬಗ್ಗೆ ನಿಮ್ಮ ವಿವರಣೆ ನಿಮ್ಮ ಅನುಕೂಲಕ್ಕೆ ತಕ್ಕಂತಿದೆ. ಸುಳ್ಳು ಬರೆದ ಮನೆಗಳಿಂದಲೇ ಶುರು ಮಾಡುತ್ತೇನೆ, ಗೋವಿಂದರಾಜನಗರದ ಮನೆಗೆ ಮೊದಲು. ಅಂದರೆ ಅಕ್ಕನ ಮನೆ.

"ನೀನೇ ಕರ್ಕೊಂಡ್ ಹೋಗು," ಅಂದರು ಮೇಡಂ. "ದಾರಿ ತೋರ್ಸು, ಸುಮ್ನೆ ಕೂತ್ಕೋ. ಅವ್ರಿಗೆ ಮುಂಚೆ ಫೋನ್ ಮಾಡೋದು, ಹೀಗ್ ಹೇಳಿ ಹಾಗ್ ಹೇಳಿ ಅನ್ನೋದು, ಕಣ್ಣಲ್ಲಿ ಸನ್ನೆ ಮಾಡೋದು, ಏನೂ ಕೂಡ್ದು. ಹೇಳ್ಕೊಟ್ಟಿದಾನೆ ಅಂತ ಒಂಚೂರು ಅನುಮಾನ ಬಂದ್ರೂ ವ್ಯಾನ್ ಜೊತೆ ನಮ್ ಮಾತ್ಗಿರೋ ಬೆಲೇನೂ ಹೋಗುತ್ತೆ. ಕೇಳುಸ್ತಾ?"

"ಕೇಳಿಸ್ತು ಮೇಡಂ."

"ಇದನ್ನೂ ಆಮೇಲೆ ನನ್ ದನೀಲೇ ಯಾರ್ಗಾದ್ರೂ ಮಾಡಿ ತೋರ್ಸ್ಬೇಡ."

ಬುಧವಾರ ಪೂರ್ತಿ ಒಂದೇ ಯೋಚನೆ. ಅಕ್ಕನ ದನಿ ನನಗೆ ಗೊತ್ತು. ಫೈಲು ಹಿಡಿದ ಹೊಸಬರ ಎದುರಿಗೆ ಅವರು ಏನು ಹೇಳುತ್ತಾರೆ, ಯಾವ ಎಳೆತದಲ್ಲಿ ಹೇಳುತ್ತಾರೆ ಎಂಬುದೂ ಗೊತ್ತು. ನನ್ನ ಮಿಮಿಕ್ರಿ ಹತ್ತರಲ್ಲಿ ಒಂಬತ್ತು ಸಲ ಸರಿ ಇರುತ್ತದೆ. ಇದೊಂದು ಸಲ ತಪ್ಪಾಗಲಪ್ಪ ಎಂದು ಬೇಡಿಕೊಂಡ ಮಿಮಿಕ್ರಿಯವನು ನಾನೊಬ್ಬನೇ ಇರಬೇಕು.

ಗುರುವಾರ ವಿಜಯನಗರದ ಮೆಟ್ರೋ ಸ್ಟೇಷನ್ನಿನ ಕೆಳಗೆ ಅಧಿಕಾರಿಯನ್ನು ಬೈಕಿಗೆ ಹತ್ತಿಸಿಕೊಂಡೆ. ಅರವತ್ತು ದಾಟಿದವರು, ಇಸ್ತ್ರಿ ಮುರಿಯದ ಅಂಗಿ, ನಿಧಾನದ ಮಾತು. ಅವರು ಗದರುವವರಾಗಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವರು ಗದರಲಿಲ್ಲ.

ಎರಡು ತಿರುವು ಆದ ಮೇಲೆ ನನ್ನ ಬೆನ್ನ ಹಿಂದಿನಿಂದ, "ನೀನೇನಾ ಅದು?" ಅಂದರು.

"ಹೌದು ಸಾರ್."

ಇನ್ನೊಂದು ತಿರುವು.

"ನನ್ ದನೀನೂ ಬರುತ್ತಾ?"

"ಇನ್ನೂ ಕೇಳಿಸ್ಕೊಳ್ತಾ ಇದೀನಿ ಸಾರ್."

"ಹ್ಞೂಂ," ಅಂದರು. ಅದು ನಗುವೋ ಎಚ್ಚರಿಕೆಯೋ ಗೊತ್ತಾಗಲಿಲ್ಲ.

ಅಕ್ಕನ ಮನೆ ಎರಡನೇ ಮಹಡಿಯಲ್ಲಿ. ಗೋಡೆಗೆ ಅಂಟಿಕೊಂಡ ಹೊರಮೆಟ್ಟಿಲು, ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಕೆಳಗೇ ಕಾಯಬೇಕು. ಗಾಲಿಕುರ್ಚಿಯನ್ನು ಮೆಟ್ಟಿಲ ಕೆಳಗೆ ಸರಪಳಿ ಹಾಕಿ ಕಟ್ಟಿದ್ದರು. ಮಗಳನ್ನು ಬೆನ್ನ ಮೇಲೆ ಹೊತ್ತು ದಿನಕ್ಕೆರಡು ಸಲ ಅಕ್ಕ ಇದನ್ನೇ ಹತ್ತಿ ಇಳಿಯುವುದು. ಅಧಿಕಾರಿ ಬರಿಗೈಯಲ್ಲಿ ಹತ್ತಿ, ಮೊದಲನೇ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಂಡರು. ನಾನೂ ತೆಗೆದುಕೊಂಡೆ, ನನ್ನದು ಭಯಕ್ಕೆ.

ಒಂದು ಕೋಣೆ, ಒಂದು ಅಡುಗೆಮನೆ. ಅಧಿಕಾರಿ ಬರುತ್ತಾರೆಂದು ಟ್ರಸ್ಟಿನವರೇ ತಿಳಿಸಿದ್ದರಿಂದ ಆ ದಿನ ಮಗಳನ್ನು ಕೇಂದ್ರಕ್ಕೆ ಕಳಿಸಿರಲಿಲ್ಲ. ಕಿಟಕಿಯ ಕೆಳಗೆ ಚಾಪೆಯ ಮೇಲೆ ದಿಂಬಿಗೆ ಒರಗಿದ್ದಳು. ನನ್ನನ್ನು ಕಂಡು ಟುಂಯ್ ಟುಂಯ್ ಅಂದು, ಈಗ ನಿನ್ನ ಸರದಿ ಎಂದು ಹುಬ್ಬು ಎತ್ತಿದಳು. ನಾನು ಫ್ಯಾನು ನೋಡಿದೆ.

"ಬನ್ನಿ ಸಾರ್, ಕೂತ್ಕೊಳಿ. ಉಸ್ಸಪ್ಪ ಅನ್ಸಿರುತ್ತೆ, ನಮ್ ಮೆಟ್ಲು. ಕಾಫಿ ಕೊಡ್ಲಾ?"

"ಪರವಾಗಿಲ್ಲಮ್ಮ, ಈಗ್ತಾನೆ ಆಯ್ತು," ಅಂದರು ಅಧಿಕಾರಿ ಏದುಸಿರಿನ ನಡುವೆ. ಇವರ ದನಿ ಗಂಟಲಿನ ಹಿಂದಿನಿಂದ ಬರುತ್ತದೆ, ಕೊನೆಯಲ್ಲಿ ಸ್ವಲ್ಪ ಬೀಳುತ್ತದೆ ಎಂದು ನಾನು ಗುರುತು ಹಾಕಿಕೊಂಡೆ. ಇಂಥ ಹೊತ್ತಿನಲ್ಲೂ ನನ್ನ ಕಿವಿಗೆ ಬೇರೆ ಕೆಲಸವಿಲ್ಲ. ಅಕ್ಕ ಆಗಲೇ ಒಳಗೆ ಹೋಗಿದ್ದರು. ಎರಡು ಸ್ಟೀಲ್ ಲೋಟ ಬಂದವು. ನನ್ನದನ್ನು ಹಾಗೇ ಪಕ್ಕಕ್ಕಿಟ್ಟೆ.

ಅಧಿಕಾರಿ ಫಾರಂ ತೆಗೆದು ನನ್ನ ಕಡೆ ಗಲ್ಲ ತೋರಿಸಿ ಕೇಳಿದರು. "ಇವನು ಮುಂಚೆ ಬಂದಿದ್ನಾಮ್ಮ, ಇದನ್ನೆಲ್ಲ ಕೇಳೋಕೆ?"

"ಎಲ್ ಬಂದ? ಮೆಟ್ಲು ನೋಡಿ ಹೆದರ್ಕೊಂಡಿರ್ಬೇಕು."

"ಬಂದಿಲ್ಲ. ಆದ್ರೆ ನಿಮ್ ದನೀಲಿ ಅವನೇ ಉತ್ರ ಕೊಟ್ಕೊಂಡಿದಾನೆ."

ಅಕ್ಕ ನನ್ನ ಕಡೆ ತಿರುಗಿದರು. "ಏನಂದ್ಯೋ, ನನ್ ದನೀಲಿ?"

ನಾನು ತುಟಿ ಬಿಗಿಹಿಡಿದು ತಲೆ ತಗ್ಗಿಸಿದೆ. "ಅದನ್ನ ಅವನು ಹೇಳ್ಬಾರ್ದು," ಅಂದರು ಅಧಿಕಾರಿ. "ನೀವೇ ಹೇಳ್ಬೇಕು."

ಒಂದರಿಂದ ಎಂಟರವರೆಗಿನ ಪ್ರಶ್ನೆಗಳು ಸಲೀಸಾಗಿ ಹೋದವು. ಮನೆಯಲ್ಲಿ ಎಷ್ಟು ಜನ, ಯಜಮಾನರು ಏನು ಮಾಡುತ್ತಾರೆ, ವ್ಯಾನು ಹೊತ್ತಿಗೆ ಸರಿಯಾಗಿ ಬರುತ್ತದೆಯೇ. ಅಧಿಕಾರಿ ಕೇಳುತ್ತ, ಬರೆಯುತ್ತ, ನಡುನಡುವೆ ಲೋಟ ಎತ್ತುತ್ತಿದ್ದರು. ನನಗೆ ಪ್ರತಿ ಪ್ರಶ್ನೆಯೂ ಬೇಗ ಮುಗಿಯಿತು ಅನ್ನಿಸುತ್ತಿತ್ತು. ಎಂಟನೆಯದನ್ನು ಅಕ್ಕ ಸ್ವಲ್ಪ ಉದ್ದ ಎಳೆಯಲಿ ಅಂತ ಬಯಸಿದೆ. ಎರಡೇ ಮಾತಲ್ಲಿ ಮುಗಿಸಿಬಿಟ್ಟರು.

"ವ್ಯಾನಿನ ಅಗತ್ಯ ನಿಮ್ಗೆ ಎಷ್ಟಿದೆ?"

ಅಕ್ಕ ಸೆರಗು ಸರಿ ಮಾಡಿಕೊಂಡರು. ಮಗಳನ್ನು ನೋಡಿದರು, ಪ್ಯಾಡನ್ನು ನೋಡಿದರು.

"ಪರ್ವಾಗಿಲ್ಲ ಸಾರ್."

ಅದೇ ಎಳೆತ. 'ಪರ್' ಮೇಲೆ ಸಣ್ಣ ಒತ್ತು, 'ಸಾರ್' ಅನ್ನುವಾಗ ದನಿ ನೆಲಕ್ಕೆ. ಬೇಕರಿಯ ಮುಂದೆ ನಾನು ತೆಗೆದದ್ದು ಕೂದಲೆಳೆಯಷ್ಟೂ ಆಚೀಚೆಯಾಗಿರಲಿಲ್ಲ. ನನ್ನ ಜೀವಮಾನದ ಅತ್ಯುತ್ತಮ ಮಿಮಿಕ್ರಿ ಅದು.

ಅಧಿಕಾರಿಯ ಪೆನ್ನು ಮೂರನೇ ಚೌಕದ ಹತ್ತಿರ ಬಂದು ನಿಂತಿತು. ಮನುಷ್ಯ ನ್ಯಾಯಸ್ಥ, ಮೇಡಂ ಬರೆದ ಪತ್ರ ಅವರ ತಲೆಯಲ್ಲಿದ್ದಿರಬೇಕು. ಇನ್ನೊಂದು ಸಲ ಬಿಡಿಸಿ ಕೇಳಿದರು.

"ಪರವಾಗಿಲ್ಲ. ಅಂದ್ರೆ, ವ್ಯಾನ್ ಇಲ್ದಿದ್ರೂ ನಡೆಯುತ್ತೆ ಅಂತ ಬರ್ಕೊಳ್ಳಲಾಮ್ಮ?"

"ನಡೆಯುತ್ತಾ?" ಅಕ್ಕನ ದನಿ ನೆಲದಿಂದ ಎದ್ದಿತು. ವ್ಯಾನಿನ ಬಾಗಿಲಲ್ಲಿ ನನ್ನ ಜೊತೆ ಜಗಳವಾಡುವ ದನಿ ಅದು. "ಯಾರ್ ಸಾರ್ ನಡೆಯೋದು? ಇವ್ಳಾ?"

ಚಾಪೆಯ ಮೇಲಿನಿಂದ ಮಗಳು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಅಧಿಕಾರಿಗೆ ಮುಜುಗರವಾಯಿತು. "ಹಾಗಲ್ಲಮ್ಮ, ಹಾಗಲ್ಲ," ಅಂದರು. "ನೀವ್ ಹೇಳಿದ್ದನ್ನ ಮಾತ್ರ ನಾನು ಬರೀಬೇಕು. ನಾನಾಗಿ ಅರ್ಥ ಮಾಡ್ಕೊಳ್ಳೋ ಹಾಗಿಲ್ಲ. ನೀವೇ ಈಗ ಪರವಾಗಿಲ್ಲ ಅಂದ್ರಲ್ಲ."

ನನ್ನ ಬಾಯಿ ತೆರೆಯಿತು, ಮೇಡಂ ನೆನಪಾಗಿ ಮುಚ್ಚಿತು. ಇದಾದ ಮೇಲೆ ಆ ಫಾರಂನಿಂದ ಮೂರನೇ ಚೌಕ ಹೋಯಿತು. ಇಪ್ಪತ್ತೂ ಮನೆಗಳಿಗೆ ನಾನು ಮತ್ತೆ ಹೋಗಿ ಬಂದೆ. ಈ ಸಲ ಮನೆಯವರ ಸಹಿಯಿಲ್ಲದೆ ಮೇಡಂ ನನ್ನ ಒಂದು ಹಾಳೆಯನ್ನೂ ಮುಟ್ಟಲಿಲ್ಲ. ವ್ಯಾನು ಈಗಲೂ ಗೋವಿಂದರಾಜನಗರದ ಆ ತಿರುವಿಗೆ ಹಿಂದಕ್ಕೆ ಬಂದು ನಿಲ್ಲುತ್ತದೆ. ಕೆಂಗೇರಿಯವರಿಗೆ ಇನ್ನೊಂದನ್ನು ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ. ಅವರ ನೆನಪಾದಾಗ ನನಗೆ ಅಳುಕು ಈಗಲೂ ಇದೆ. ಆದರೆ ಆ ಗಳಿಗೆಯಲ್ಲಿ ಪೆನ್ನು ಚೌಕದ ಮೇಲೆಯೇ ಇತ್ತು. ಅದನ್ನು ಎತ್ತಿಸಿದ್ದು ನಾನಲ್ಲ, ಮೇಡಂ ಪತ್ರವೂ ಅಲ್ಲ. ಅಕ್ಕ ಬಗ್ಗಿ, ಅಧಿಕಾರಿಯ ಮೊಣಕಾಲ ಪಕ್ಕದಲ್ಲಿದ್ದ ಸ್ಟೀಲ್ ಲೋಟವನ್ನು ಎತ್ತಿ, ಫಾರಂನ ಮೇಲೆ ತಲೆಕೆಳಗು ಮಾಡಿ ಹಿಡಿದರು. ಒಂದು ಹನಿಯೂ ಬೀಳಲಿಲ್ಲ.

"ಕಾಫಿ ಕೊಡ್ಲಾ ಅಂದಾಗ ನೀವೂ ಪರವಾಗಿಲ್ಲ ಅಂದ್ರಿ ಸಾರ್."